“ಅದೇನು ಅಂತ ಕೇಳಿದೆಯಾ?” – ಶಾಲಾ ಕ್ರೀಡಾಪಟುಗಳು ಮತ್ತು ಮದ್ದಿನ ಐವತ್ತು ವರ್ಷ

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದೆ. 1974ರಲ್ಲಿ ಎರಡು ಬಾಡಿಗೆ ಕೋಣೆಗಳಲ್ಲಿ ಶುರುವಾದ ಶಾಲೆ ಇಂದು ಸ್ವಂತ ಕಟ್ಟಡ, ರಂಗಮಂದಿರ, ಇನ್ನೂರು ಮೀಟರ್ ಓಟದ ಪಥ ಇರುವ ಮೈದಾನ ಎಲ್ಲವನ್ನೂ ಹೊಂದಿದೆ. ಸ್ಮರಣ ಸಂಚಿಕೆಯ ಸಮಿತಿಯವರು ಮನೆಗೆ ಬಂದು, “ನೀವು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವರು. ಒಂದು ಇತಿಹಾಸದ ಲೇಖನ ಕೊಡಲೇಬೇಕು” ಎಂದರು. ಶಾಲೆಯ ಹುಟ್ಟು, ಜಾಗ ಕೊಟ್ಟ ದಾನಿಗಳು, ಮುಖ್ಯೋಪಾಧ್ಯಾಯರ ಸಾಲು, ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ನಾನು ಮೈದಾನದಿಂದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಹಬ್ಬದ ದಿನ ಹೇಳುವ ಮಾತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಊರೆಲ್ಲ ಒಟ್ಟಿಗೆ ಕೂತು ಓದುವ ಪುಸ್ತಕ ಇದೊಂದೇ. ಇಲ್ಲಿ ಹೇಳದಿದ್ದರೆ ಇನ್ನೆಲ್ಲೂ ಹೇಳಲಾಗುವುದಿಲ್ಲ.

ನಾನು ಈ ಶಾಲೆಯಲ್ಲಿ 1977ರಿಂದ 1980ರವರೆಗೆ ಓದಿದೆ. 1979ರ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ 800 ಮೀಟರ್ ಓಟಕ್ಕೆ ನನ್ನ ಹೆಸರಿತ್ತು. ಓಟಕ್ಕೆ ಅರ್ಧ ಗಂಟೆ ಇರುವಾಗ ಬೇರೆ ಊರಿನ ಹಿರಿಯರೊಬ್ಬರು ಹತ್ತಿರ ಬಂದು ಬೆನ್ನು ತಟ್ಟಿ, “ಚೆನ್ನಾಗಿ ಓಡ್ತೀಯಂತೆ ಮಗಾ, ಇದನ್ನ ತಗೋ, ಸುಸ್ತಾಗಲ್ಲ” ಎಂದು ಒಂದು ಬಿಳಿ ಮಾತ್ರೆ ಕೊಟ್ಟರು. ನಾನು ತೆಗೆದುಕೊಂಡೆ, ನೀರು ಕುಡಿದು ನುಂಗಿದೆ. ಓಟದಲ್ಲಿ ಮೂರನೆಯವನಾಗಿ ಬಂದೆ. ಎದೆ ಹೊಡೆದುಕೊಳ್ಳುವುದು ಸಂಜೆಯಾದರೂ ನಿಲ್ಲಲಿಲ್ಲ. ಮಾತ್ರೆಯಿಂದಲೋ, ಹೆದರಿಕೆಯಿಂದಲೋ, ಹೇಳಲಾರೆ.

ವಿಷಯ ನಮ್ಮ ಪಿ.ಟಿ. ಮೇಷ್ಟ್ರ ಕಿವಿಗೆ ಬಿತ್ತು. ಅವರ ಹೆಸರು ಬರೆಯುವುದಿಲ್ಲ. ಆ ಕಾಲದವರಿಗೆಲ್ಲ ಯಾರೆಂದು ಗೊತ್ತು, ಹೊಗಳಿಕೆ ಅವರಿಗೆ ಸೇರುತ್ತಲೂ ಇರಲಿಲ್ಲ. ಬೆತ್ತ ಬೀಳುತ್ತದೆ ಎಂದುಕೊಂಡಿದ್ದೆ. ಅವರು ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು: “ಅದೇನು ಅಂತ ಕೇಳಿದೆಯೇನೋ?”

“ಇಲ್ಲ ಸಾರ್. ದೊಡ್ಡವರು ಕೊಟ್ರು, ತಗೊಂಡೆ.”

ಮೇಷ್ಟ್ರು ಆಮೇಲೆ ಊರು ಬರುವವರೆಗೂ ಮಾತಾಡಲಿಲ್ಲ. ಮುಂದೆ ನಲವತ್ತು ವರ್ಷ ಇತಿಹಾಸ ಓದುವಾಗ, ಓದಿಸುವಾಗ ಆ ಪ್ರಶ್ನೆ ಮತ್ತೆ ಮತ್ತೆ ನನಗೆ ಎದುರಾಗಿದೆ. ಹದಿಹರೆಯದ ಕ್ರೀಡಾಪಟುವಿನ ಕೈಗೆ ಮದ್ದು ಬಂದ ಕಥೆಗಳಲ್ಲಿ ಹೆಚ್ಚಿನ ಕಡೆ, ಕೊಟ್ಟವರೋ ನೋಡಿಯೂ ಸುಮ್ಮನಿದ್ದವರೋ ಆ ಮಗು ನಂಬಿದ್ದ ದೊಡ್ಡವರೇ ಆಗಿದ್ದಾರೆ.

ನಮ್ಮ ಶಾಲೆಯ ಓರಗೆಯ ಒಂದು ಯೋಜನೆ

ನಮ್ಮ ಶಾಲೆ ಶುರುವಾದ 1974ರಲ್ಲೇ, ಇಲ್ಲಿಂದ ಬಹು ದೂರದ ಪೂರ್ವ ಜರ್ಮನಿಯಲ್ಲಿ ಆಳುವ ಪಕ್ಷ ಒಂದು ಗುಟ್ಟಿನ ತೀರ್ಮಾನ ಮಾಡಿತು. ಕಾಗದಪತ್ರಗಳಲ್ಲಿ ಅದರ ಹೆಸರು ‘ರಾಜ್ಯ ಯೋಜನೆ ವಿಷಯ 14.25’. ಅಂತರರಾಷ್ಟ್ರೀಯ ಕೂಟಗಳಿಗೆ ತಯಾರಾಗುವ ಕ್ರೀಡಾಪಟುಗಳಿಗೆ ಉದ್ದೀಪನ ಮದ್ದು ಕೊಡುವುದನ್ನು ಸರ್ಕಾರವೇ ಯೋಜನೆ ಹಾಕಿ, ವೈದ್ಯರ ಲೆಕ್ಕದಲ್ಲಿ ನಡೆಸುವುದೇ ಅದರ ಸಾರ. ಮುಖ್ಯ ಮದ್ದು ಜೇನಾ ನಗರದ ಜೇನಾಫಾರ್ಮ್ ಕಂಪನಿ ತಯಾರಿಸುತ್ತಿದ್ದ ಓರಲ್-ಟ್ಯುರಿನಾಬೋಲ್ ಎಂಬ ಸ್ಟೀರಾಯ್ಡ್. ಅದು ನೀಲಿ ಬಣ್ಣದ ಸಣ್ಣ ಮಾತ್ರೆ. ಗಂಡಸಿನ ದೇಹದಲ್ಲಿ ಸಹಜವಾಗಿ ಹುಟ್ಟುವ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನಿನ ಕೆಲಸವನ್ನು ಅದು ಮಾಡುತ್ತದೆ. ಮಾಂಸಖಂಡ ಬೆಳೆಸುತ್ತದೆ, ದಣಿವಿನಿಂದ ಬೇಗ ಚೇತರಿಸುತ್ತದೆ.

ಎರಡು ಕೋಟಿಗಿಂತ ಕಡಿಮೆ ಜನರಿದ್ದ ಆ ಪುಟ್ಟ ದೇಶಕ್ಕೆ ಒಲಿಂಪಿಕ್ಸ್ ಪದಕಗಳೇ ಪ್ರತಿಷ್ಠೆ. ಚಿಕ್ಕ ವಯಸ್ಸಿನ ಮಕ್ಕಳನ್ನು ಊರೂರಿನಿಂದ ಆರಿಸಿ ವಿಶೇಷ ಕ್ರೀಡಾಶಾಲೆಗಳಿಗೆ ಸೇರಿಸುವ ಪದ್ಧತಿ 1950ರ ದಶಕದಿಂದಲೇ ಇತ್ತು. ಆ ಶಾಲೆಗಳಲ್ಲಿ ಊಟ, ವಸತಿ, ತರಬೇತಿ ಎಲ್ಲ ಉತ್ತಮ ಮಟ್ಟದ್ದು. ಮಗುವಿಗೆ ಅಲ್ಲಿ ಸೀಟು ಸಿಕ್ಕಿತೆಂದರೆ ತಂದೆತಾಯಿಗೆ ಹೆಮ್ಮೆ. ತರಬೇತುದಾರರು ಕೊಟ್ಟದ್ದನ್ನು ಅನುಮಾನಿಸುವ ಪ್ರಶ್ನೆಯೇ ಇರಲಿಲ್ಲ. ಮಾತ್ರೆ ಕೊಡುವಾಗ ಹುಡುಗಿಯರಿಗೆ ಹೇಳುತ್ತಿದ್ದುದು “ವಿಟಮಿನ್” ಎಂದು. ಮನೆಯವರಿಗೆ ಅಷ್ಟನ್ನೂ ಹೇಳುತ್ತಿರಲಿಲ್ಲ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಈಜಿನಲ್ಲಿ ಪೂರ್ವ ಜರ್ಮನಿಯ ಮಹಿಳೆಯರಿಗೆ ಒಂದೂ ಚಿನ್ನ ಬಂದಿರಲಿಲ್ಲ. ನಾಲ್ಕೇ ವರ್ಷದ ಬಳಿಕ, 1976ರ ಮಾಂಟ್ರಿಯಲ್‌ನಲ್ಲಿ, ಮಹಿಳೆಯರ 13 ಈಜು ಸ್ಪರ್ಧೆಗಳ ಪೈಕಿ 11ರಲ್ಲಿ ಚಿನ್ನ ಅವರದೇ. ಅವರಲ್ಲಿ ಅನೇಕರು ಇನ್ನೂ ಶಾಲೆಗೆ ಹೋಗುವ ವಯಸ್ಸಿನವರು. ಜಗತ್ತು ಬೆರಗಾಯಿತು. ಕೆಲವರಿಗೆ ಅನುಮಾನವೂ ಬಂತು. ಆದರೆ ಕೈಯಲ್ಲಿ ಪುರಾವೆ ಇರಲಿಲ್ಲ. ದೇಶ ಬಿಡುವ ಮೊದಲೇ ಅಲ್ಲಿಯ ಸರ್ಕಾರ ತನ್ನ ಕ್ರೀಡಾಪಟುಗಳನ್ನು ತಾನೇ ಪರೀಕ್ಷಿಸಿ, ಮೈಯಲ್ಲಿ ಮದ್ದು ಉಳಿದಿದ್ದವರನ್ನು ಕಳಿಸದೆ ನಿಲ್ಲಿಸಿಕೊಳ್ಳುತ್ತಿತ್ತು.

ನನ್ನ ಓಟ ನಡೆದ ಮರುವರ್ಷ 1980ರ ಮಾಸ್ಕೊ ಒಲಿಂಪಿಕ್ಸ್. ನಮ್ಮೂರಿನಲ್ಲಿ ಆ ಒಲಿಂಪಿಕ್ಸ್ ನೆನಪಿರುವುದು ಹಾಕಿ ಚಿನ್ನಕ್ಕಾಗಿ, ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಅದೇ ಮಾಸ್ಕೊದಲ್ಲಿ ರೀಕಾ ರೈನಿಶ್ ಎಂಬ ಹದಿನೈದು ವರ್ಷದ ಪೂರ್ವ ಜರ್ಮನಿಯ ಹುಡುಗಿ ಈಜಿನಲ್ಲಿ 3 ಚಿನ್ನ ಗೆದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಅಂಡಾಶಯದ ತೊಂದರೆ ಕಾಣಿಸಿಕೊಂಡು ಹದಿನಾರನೆಯ ವಯಸ್ಸಿಗೆ ಅವಳು ಈಜು ಬಿಡಬೇಕಾಯಿತು. ತನಗೆ ಕೊಟ್ಟಿದ್ದ ನೀಲಿ ಮಾತ್ರೆಯ ನಿಜ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅದೇನು ಅಂತ ಅವಳೂ ಕೇಳಿರಲಿಲ್ಲ. ಕೇಳಿದ್ದರೂ ನಿಜ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

1989ರಲ್ಲಿ ಬರ್ಲಿನ್ ಗೋಡೆ ಬಿತ್ತು. ಮರುವರ್ಷ ಎರಡು ಜರ್ಮನಿಗಳು ಒಂದಾದವು. ಜೀವಕೋಶ ವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಹಿಂದೆ ಡಿಸ್ಕಸ್ ಎಸೆತಗಾರ್ತಿಯಾಗಿದ್ದ ಬ್ರಿಗಿಟ್ಟೆ ಬೆರೆಂಡೊಂಕ್, ಬಾಡ್ ಸಾರೋ ಎಂಬಲ್ಲಿದ್ದ ಸೇನಾ ವೈದ್ಯಕೀಯ ಸಂಸ್ಥೆಯ ಕಡತಗಳಲ್ಲಿ ಈ ಯೋಜನೆಯ ವರದಿಗಳನ್ನು ಪತ್ತೆ ಮಾಡಿದರು. ಯಾರಿಗೆ, ಯಾವ ದಿನ, ಎಷ್ಟು ಮಿಲಿಗ್ರಾಂ, ಅದರಿಂದ ಎಷ್ಟು ಲಾಭವಾಯಿತು ಎಂಬ ಲೆಕ್ಕ ಅಲ್ಲಿತ್ತು. ಹುಡುಗಿಯರ ಧ್ವನಿ ಗಡುಸಾದದ್ದು, ಮೈಮೇಲೆ ಕೂದಲು ಬೆಳೆದದ್ದು, ಯಕೃತ್ತು ಕೆಟ್ಟದ್ದು ಕೂಡ ದಾಖಲಾಗಿತ್ತು. ಕೆಡುಕು ಕಣ್ಣಿಗೆ ಕಂಡ ಮೇಲೂ ಯೋಜನೆ ನಿಂತಿರಲಿಲ್ಲ ಎಂಬುದಕ್ಕೆ ಅವರ ಕೈಬರಹವೇ ಸಾಕ್ಷಿಯಾಯಿತು. ಒಟ್ಟು ಸುಮಾರು 10,000 ಕ್ರೀಡಾಪಟುಗಳಿಗೆ ಮದ್ದು ಕೊಟ್ಟಿರಬಹುದೆಂದು ಅಂದಾಜು.

2000ದ ಜುಲೈನಲ್ಲಿ ಬರ್ಲಿನ್ ನ್ಯಾಯಾಲಯ ಹಳೆಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ 22 ತಿಂಗಳು, ಕ್ರೀಡಾ ವೈದ್ಯ ಮಾನ್‌ಫ್ರೆಡ್ ಹ್ಯೋಪ್ನರ್‌ಗೆ 18 ತಿಂಗಳು ಶಿಕ್ಷೆ ವಿಧಿಸಿತು. ಎರಡೂ ಅಮಾನತಿನ ಶಿಕ್ಷೆ. ಇಬ್ಬರೂ ಜೈಲಿಗೆ ಹೋಗಲಿಲ್ಲ. ಮದ್ದಿಗೆ ಬಲಿಯಾದವರಿಗೆ ಪರಿಹಾರ ಕೊಡಲು ಜರ್ಮನ್ ಸಂಸತ್ತು 2002ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಕಾನೂನು ಮಾಡಿತು. ದೇಶವೇ ಹೋಯಿತು, ಪದಕಗಳ ಹೊಳಪು ಹೋಯಿತು, ಆ ಮಕ್ಕಳ ಮೈಯಲ್ಲಿ ರೋಗ ಮಾತ್ರ ಉಳಿಯಿತು.

ಅಮೆರಿಕದ ಶಾಲೆಗಳಲ್ಲಿ

ಪೂರ್ವ ಜರ್ಮನಿಯಲ್ಲಿ ಸರ್ಕಾರ ಮಕ್ಕಳಿಗೆ ಮದ್ದು ಕೊಟ್ಟಿತು. ಅಮೆರಿಕದಲ್ಲಿ ಮಕ್ಕಳೇ ಅದನ್ನು ಹುಡುಕಿಕೊಂಡು ಹೋದರು. 1988ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. 46 ಪ್ರೌಢಶಾಲೆಗಳ ಹನ್ನೆರಡನೆಯ ತರಗತಿಯ ಹುಡುಗರನ್ನು ಕೇಳಿದಾಗ ನೂರಕ್ಕೆ 6.6ರಷ್ಟು ಮಂದಿ ಸ್ಟೀರಾಯ್ಡ್ ಬಳಸಿದ್ದಾಗಿ ಒಪ್ಪಿಕೊಂಡರು. ಅವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನವರು ಶುರು ಮಾಡಿದ್ದು ಹದಿನಾರು ವರ್ಷದೊಳಗೆ. ಅದೇ ವರ್ಷ ಸೋಲ್ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಗೆದ್ದ ಕೆನಡಾದ ಬೆನ್ ಜಾನ್ಸನ್ ಸಿಕ್ಕಿಬಿದ್ದು ಚಿನ್ನ ಕಳೆದುಕೊಂಡ. ನಮ್ಮೂರಿನ ಚಹಾ ಅಂಗಡಿಯಲ್ಲೂ ‘ಸ್ಟೀರಾಯ್ಡ್’ ಎಂಬ ಪದ ಕೇಳಿಬಂದದ್ದು ಆಗಲೇ ಎಂದು ನನ್ನ ನೆನಪು.

ಹದಿಹರೆಯದಲ್ಲಿ ಈ ಮದ್ದು ಏಕೆ ಹೆಚ್ಚು ಅಪಾಯ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಭಾಗ ಇರುತ್ತದೆ. ಸ್ಟೀರಾಯ್ಡ್ ಅದನ್ನು ಕಾಲಕ್ಕೆ ಮುಂಚೆಯೇ ಗಟ್ಟಿಮಾಡಿ ಮುಚ್ಚಿಸಿಬಿಡಬಹುದು. ಹುಡುಗ ದಪ್ಪವಾದಾನು, ಆದರೆ ಎತ್ತರ ಅಲ್ಲಿಗೇ ನಿಂತೀತು. ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಮೊಡವೆ, ಯಕೃತ್ತಿನ ತೊಂದರೆ, ತಡೆಯಲಾರದ ಸಿಟ್ಟು, ಬಿಟ್ಟ ಮೇಲೆ ಮನಸ್ಸು ಕುಗ್ಗುವುದು ಇವೆಲ್ಲ ಜೊತೆಗೆ ಬರುತ್ತವೆ. ಹುಡುಗಿಯರ ಧ್ವನಿ ಒಮ್ಮೆ ಗಡುಸಾದರೆ ಮದ್ದು ಬಿಟ್ಟರೂ ಮೊದಲಿನಂತಾಗದೆ ಇರಬಹುದು.

ಈ ಪಿಡುಗನ್ನು ತಡೆಯಲು ಅಮೆರಿಕದವರು ಮಾಡಿದ ಪ್ರಯತ್ನಗಳಲ್ಲಿ ಎರಡು, ನಮ್ಮಂತಹ ಊರಿನವರು ತಿಳಿಯಬೇಕಾದವು. ಎರಡೂ ಆರೆಗಾನ್ ಎಂಬ ಒಂದೇ ರಾಜ್ಯದಲ್ಲಿ ನಡೆದವು.

ಮೊದಲನೆಯದು ವರ್ನೋನಿಯಾ ಎಂಬ ಊರಿನದು. ಸುಮಾರು ಮೂರು ಸಾವಿರ ಜನರ, ಮರ ಕಡಿಯುವ ಕಸುಬಿನ ಊರು. ನಮ್ಮ ಹಾಗೆ ಅಲ್ಲಿಯೂ ಶಾಲೆಯ ಆಟಗಾರರೆಂದರೆ ಊರಿನ ಕಣ್ಮಣಿಗಳು. 1980ರ ದಶಕದ ಕೊನೆಯ ಹೊತ್ತಿಗೆ ಅದೇ ಆಟಗಾರರು ಗಾಂಜಾ ಮೊದಲಾದ ಮಾದಕ ವಸ್ತುಗಳಲ್ಲಿ ಮುಂದಾಳುಗಳಾಗಿದ್ದಾರೆ ಎಂದು ಶಾಲೆಯವರಿಗೆ ತಿಳಿಯಿತು. ಭಾಷಣ ಮಾಡಿಸಿದರು, ವಾಸನೆ ಹಿಡಿಯುವ ನಾಯಿ ತರಿಸಿದರು, ಫಲವಿಲ್ಲ. 1989ರಲ್ಲಿ, ಆಟಕ್ಕೆ ಸೇರುವ ಪ್ರತಿ ವಿದ್ಯಾರ್ಥಿಯೂ ಮೂತ್ರ ಪರೀಕ್ಷೆಗೆ ಒಪ್ಪಿ ಸಹಿ ಹಾಕಬೇಕು, ವಾರವಾರ ಚೀಟಿ ಎತ್ತಿ ಕೆಲವರನ್ನು ಪರೀಕ್ಷಿಸಬೇಕು ಎಂದು ನಿಯಮ ಮಾಡಿದರು. 1991ರಲ್ಲಿ ಏಳನೆಯ ತರಗತಿಯ ಜೇಮ್ಸ್ ಆಕ್ಟನ್ ಎಂಬ ಬಾಲಕನೂ ಅವನ ತಂದೆತಾಯಿಯೂ ಸಹಿ ಹಾಕಲು ಒಪ್ಪಲಿಲ್ಲ. ಹುಡುಗನ ಮೇಲೆ ಯಾವ ಅನುಮಾನವೂ ಇಲ್ಲದಿರುವಾಗ ಪರೀಕ್ಷೆ ಏಕೆ ಎಂಬುದು ಅವರ ವಾದ. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರಲ್ಲಿ ಆರು ನ್ಯಾಯಮೂರ್ತಿಗಳು ಶಾಲೆಯ ಪರ, ಮೂವರು ವಿರುದ್ಧ ತೀರ್ಪಿತ್ತರು. ಶಾಲಾ ಆಟಗಾರರ ಪರೀಕ್ಷೆಗೆ ಕಾನೂನಿನ ದಾರಿ ತೆರೆಯಿತು.

ದಾರಿ ತೆರೆದರೂ ಗುರಿ ಮುಟ್ಟಿತೇ? ಆರೆಗಾನ್‌ನ ಶಾಲೆಗಳಲ್ಲೇ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚೀಟಿ ಎತ್ತಿ ಪರೀಕ್ಷಿಸುವ ಶಾಲೆಗಳಿಗೂ ಪರೀಕ್ಷೆ ಇಲ್ಲದ ಶಾಲೆಗಳಿಗೂ ಹಿಂದಿನ ತಿಂಗಳ ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಟೆಕ್ಸಸ್ ರಾಜ್ಯ ಶಾಲಾ ಆಟಗಾರರ ಸ್ಟೀರಾಯ್ಡ್ ಪರೀಕ್ಷೆಗೆಂದು 2007ರಲ್ಲಿ ಕಾನೂನು ಮಾಡಿ, ಬಹಳ ಹಣ ಸುರಿದು, ಸಿಕ್ಕಿಬಿದ್ದವರು ತೀರಾ ಕಡಿಮೆ ಎಂದು 2015ರಲ್ಲಿ ನಿಲ್ಲಿಸಿತು.

ಎರಡನೆಯ ಪ್ರಯತ್ನ ಆರೆಗಾನ್ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಲಿನ್ ಗೋಲ್ಡ್‌ಬರ್ಗ್ ಮತ್ತು ಡಯೇನ್ ಎಲಿಯಟ್ ಎಂಬ ಇಬ್ಬರು ವೈದ್ಯರದು. ಅವರು ಮೊದಲು ಒಂದು ಸರಳ ಸಂಗತಿಯನ್ನು ಪರೀಕ್ಷಿಸಿದ್ದರು: ಹೆದರಿಸಿದರೆ ಮಕ್ಕಳು ಕೇಳುತ್ತಾರೆಯೇ? ಒಂದು ಗುಂಪಿಗೆ ಸ್ಟೀರಾಯ್ಡಿನ ಕೆಡುಕನ್ನು ಮಾತ್ರ ಹೇಳಿದರು. ಇನ್ನೊಂದು ಗುಂಪಿಗೆ ಅದರಿಂದ ಮಾಂಸಖಂಡ ಬೆಳೆಯುವುದು ನಿಜ ಎಂಬುದನ್ನೂ ಒಪ್ಪಿಕೊಂಡು, ಕೆಡುಕನ್ನೂ ಹೇಳಿದರು. ಕೆಡುಕನ್ನು ಮಾತ್ರ ಕೇಳಿದವರ ಮನಸ್ಸು ಏನೂ ಬದಲಾಗಿರಲಿಲ್ಲ. ಎರಡನ್ನೂ ಕೇಳಿದವರು ಅಪಾಯವನ್ನು ಹೆಚ್ಚು ನಂಬಿದರು. ಜಿಮ್ಮಿನಲ್ಲಿ ಗೆಳೆಯನ ತೋಳು ದಪ್ಪವಾಗುವುದನ್ನು ಹುಡುಗ ಕಣ್ಣಾರೆ ನೋಡಿರುತ್ತಾನೆ. ಅದರಿಂದ ಏನೂ ಆಗುವುದಿಲ್ಲ ಎಂದು ಮೇಷ್ಟ್ರು ಹೇಳಿದರೆ, ಆಮೇಲೆ ಮೇಷ್ಟ್ರು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ.

ಈ ಪಾಠದ ಮೇಲೆ ಅವರು ಕಟ್ಟಿದ ಕಾರ್ಯಕ್ರಮದ ಹೆಸರು ‘ಅಟ್ಲಾಸ್’. 1994ರಿಂದ 1996ರವರೆಗೆ 31 ಪ್ರೌಢಶಾಲೆಗಳ ಫುಟ್‌ಬಾಲ್ ತಂಡಗಳಲ್ಲಿ, ಮೂರು ಸಾವಿರಕ್ಕೂ ಹೆಚ್ಚು ಹುಡುಗರೊಂದಿಗೆ ಅದನ್ನು ಪರೀಕ್ಷಿಸಿದರು. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮ ನಡೆಸಿ, ಉಳಿದವುಗಳಲ್ಲಿ ಮಾಹಿತಿ ಪತ್ರ ಮಾತ್ರ ಹಂಚಿ ಹೋಲಿಸಿ ನೋಡಿದರು. ಹೊರಗಿನಿಂದ ಭಾಷಣಕಾರರನ್ನು ಕರೆಸಲಿಲ್ಲ. ತಂಡದ ತರಬೇತುದಾರರೇ ಪಾಠ ನಡೆಸಿದರು. ಆಟಗಾರರನ್ನು ಸಣ್ಣ ಗುಂಪುಗಳಾಗಿ ಮಾಡಿ ಪ್ರತಿ ಗುಂಪಿಗೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದರು. ಮಾತು ಹೆಚ್ಚಾಗಿ ಅವನದೇ. ಪಾಠದಲ್ಲಿ ಬೇಡ ಎನ್ನುವುದಕ್ಕಿಂತ ಹೆಚ್ಚು ಸಮಯ, ಮದ್ದಿಲ್ಲದೆ ಬಲ ಬೆಳೆಸುವುದು ಹೇಗೆ ಎಂಬುದಕ್ಕೆ ಮೀಸಲು: ಯಾವ ಊಟದಲ್ಲಿ ಎಷ್ಟು ಪ್ರೋಟೀನ್, ಭಾರ ಎತ್ತುವ ಸರಿಯಾದ ಕ್ರಮ, ನಿದ್ದೆ. ಯಾರಾದರೂ ಮದ್ದು ಕೊಡಲು ಬಂದರೆ ಏನು ಹೇಳಬೇಕು ಎಂಬುದನ್ನು ಅಭಿನಯಿಸಿ ಅಭ್ಯಾಸ ಮಾಡಿಸಿದರು. ಪತ್ರಿಕೆಗಳ ಜಾಹೀರಾತು ಹೇಗೆ ಮರುಳು ಮಾಡುತ್ತದೆ ಎಂಬುದನ್ನು ಹುಡುಗರಿಂದಲೇ ಬಿಡಿಸಿ ಹೇಳಿಸಿದರು. ಮನೆಯವರಿಗೂ ಒಂದು ಸಂಜೆ ಸಭೆ.

ಫಲ ಕಂಡಿತು. ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ಸ್ಟೀರಾಯ್ಡ್ ಬಳಸಬೇಕೆಂಬ ಆಸೆಯೂ, ಹೊಸದಾಗಿ ಶುರು ಮಾಡುವವರ ಸಂಖ್ಯೆಯೂ ಇಳಿಯಿತು. ಒಂದು ವರ್ಷದ ಬಳಿಕ ನೋಡಿದಾಗ ಹೊಸದಾಗಿ ಮದ್ಯ, ಮಾದಕ ವಸ್ತುಗಳಿಗೆ ಇಳಿಯುವುದೂ, ಕುಡಿದು ಗಾಡಿ ಓಡಿಸುವುದೂ ಕಡಿಮೆಯಾಗಿದ್ದವು. ಹುಡುಗಿಯರ ತಂಡಗಳಿಗೆ ‘ಅಥೀನಾ’ ಎಂಬ ಬೇರೆ ಕಾರ್ಯಕ್ರಮ ಮಾಡಿದರು. ಅವರ ಸಮಸ್ಯೆ ತೆಳ್ಳಗಾಗುವ ಮಾತ್ರೆಗಳದು, ಊಟ ಬಿಡುವುದರದು. 2004ರಲ್ಲಿ ಅಮೆರಿಕದ ಸಂಸತ್ತು ಸ್ಟೀರಾಯ್ಡ್ ಕಾನೂನನ್ನು ಬಿಗಿ ಮಾಡಿದಾಗ ಈ ಎರಡು ಕಾರ್ಯಕ್ರಮಗಳನ್ನು ಹೆಸರಿಸಿತು.

ಇದನ್ನು ಓದಿದ ದಿನ ನನಗೆ ನಮ್ಮ ಮೇಷ್ಟ್ರು ನೆನಪಾದರು. ಬಸ್ಸಿನಲ್ಲಿ ಮೌನವಾಗಿದ್ದ ಅವರು ಮರುದಿನ ಬೆಳಿಗ್ಗೆ ಮೈದಾನದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ಒಂದು ನಿಯಮ ಮಾಡಿದ್ದರು. ಕೂಟದ ದಿನ ತಂಡದವರು ತಿನ್ನುವುದು ಕುಡಿಯುವುದೆಲ್ಲ ಕ್ಯಾಪ್ಟನ್ ಕೈಯಿಂದ ಬರಬೇಕು. ಬೇರೆ ಯಾರು ಏನು ಕೊಟ್ಟರೂ, ಮನೆಯ ಮಾವನೇ ಕೊಟ್ಟರೂ, “ಇದೇನು?” ಎಂದು ಕೇಳಿ ಕ್ಯಾಪ್ಟನ್‌ಗೆ ತೋರಿಸಬೇಕು. ನೆನೆಸಿದ ಕಡಲೆ, ಬೆಲ್ಲ, ನೆಲಗಡಲೆ, ಬಾಳೆಹಣ್ಣು, ನಿಂಬೆಹಣ್ಣಿನ ಪಾನಕ ಇಷ್ಟು ನಮ್ಮ ಪಟ್ಟಿ. ಆರೆಗಾನ್‌ನ ವೈದ್ಯರು ಹದಿನೈದು ವರ್ಷದ ಮೇಲೆ ಲೆಕ್ಕ ಹಾಕಿ ತೋರಿಸಿದ್ದರಲ್ಲಿ ಒಂದಷ್ಟನ್ನು ನಮ್ಮ ಮೇಷ್ಟ್ರು ತಮ್ಮ ಅನುಭವದಿಂದಲೇ ಕಂಡುಕೊಂಡಿದ್ದರು. ಅವರು ವರ್ಗವಾದ ಮೇಲೆ ಆ ನಿಯಮವೂ ಹೋಯಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ‘ನಾಡಾ’, ಹುಟ್ಟಿದ್ದು 2005ರಲ್ಲಿ. 2022ರಲ್ಲಿ ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಿತು. ಈ ನಡುವೆ ಕನ್ನಡಿಗರಿಗೆ ನೋವು ತಂದ ಪ್ರಕರಣ 2011ರದು. ಕುಂದಾಪುರದ ಕಡೆಯ ಸಿದ್ದಾಪುರದಿಂದ ಬಂದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು ಮನೆಮಾತಾಗಿದ್ದರು. ಮರುವರ್ಷ ಅವರೂ ಕೆಲವು ಸಹ ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರ ಮೂಲಕ ಬಂದ ಜಿನ್‌ಸೆಂಗ್ ಎಂಬ ಪೂರಕದಲ್ಲಿ ಅದು ಬೆರೆತಿತ್ತು, ತಮಗೆ ತಿಳಿದಿರಲಿಲ್ಲ ಎಂದು ಅವರು ವಿವರಿಸಿದರು. ಇಲ್ಲಿ ಒಂದು ವರ್ಷದ ನಿಷೇಧ ವಿಧಿಸಲಾಯಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಅವರು ಶಾಲಾ ಮಕ್ಕಳಾಗಿರಲಿಲ್ಲ, ನಿಜ. ಆದರೆ ಈ ಪ್ರಕರಣದಿಂದ ಶಾಲಾ ಮಕ್ಕಳು ಕಲಿಯಬೇಕಾದ ನಿಯಮ ಒಂದಿದೆ. ಮೈಯಲ್ಲಿ ಏನು ಸಿಕ್ಕಿತೋ ಅದಕ್ಕೆ ಕ್ರೀಡಾಪಟುವೇ ಹೊಣೆ. ಯಾರು ಕೊಟ್ಟರು ಎನ್ನುವುದರಿಂದ ಶಿಕ್ಷೆ ಸ್ವಲ್ಪ ಇಳಿಯಬಹುದು, ಹೊಣೆ ತಪ್ಪುವುದಿಲ್ಲ.

ಪೂರಕಗಳ ಡಬ್ಬಿಯ ಮೇಲೆ ಬರೆದಿಲ್ಲದ ವಸ್ತು ಒಳಗಿರುವುದು ಅಪರೂಪವೂ ಅಲ್ಲ. ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯ 13 ದೇಶಗಳಿಂದ ಕೊಂಡು ತಂದ 634 ಪೂರಕಗಳನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ 94ರಲ್ಲಿ, ಅಂದರೆ ನೂರಕ್ಕೆ ಸುಮಾರು 15ರಲ್ಲಿ, ಡಬ್ಬಿಯ ಮೇಲೆ ನಮೂದಿಸದ ಸ್ಟೀರಾಯ್ಡ್ ಅಂಶ ಸಿಕ್ಕಿತ್ತು. ಇಂದು ನಮ್ಮ ತಾಲ್ಲೂಕು ಕೇಂದ್ರದಲ್ಲೂ ಜಿಮ್ಮುಗಳಿವೆ, ದೊಡ್ಡ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳ ಪುಡಿ ಮಾರಾಟಕ್ಕಿದೆ. ಎಸ್.ಎಸ್.ಎಲ್.ಸಿ. ಓದುವ ಹುಡುಗರು ಅದನ್ನು ಕೊಳ್ಳುವುದನ್ನು ನಾನೇ ನೋಡಿದ್ದೇನೆ.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕ್ರೀಡಾಂಗಣದ ಶೌಚಾಲಯದಲ್ಲಿ ಬಳಸಿ ಎಸೆದ ಸಿರಿಂಜುಗಳು ಕಂಡವು. ನಾಡಾ ಅಧಿಕಾರಿಗಳು ಬಂದರೆಂದು ತಿಳಿದೊಡನೆ ಅನೇಕರು ಜಾಗ ಖಾಲಿ ಮಾಡಿದರು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದವನು ಒಬ್ಬನೇ. ಕಿರಿಯರ ವಿಭಾಗದ ಒಂದು ಓಟದಲ್ಲಿ ಹುಡುಗಿಯೊಬ್ಬಳು ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಪರೀಕ್ಷೆಯ ಅಧಿಕಾರಿ ಹಿಂದೆ ಓಡಬೇಕಾಯಿತು. ಓದಿದವರು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗಿಗೆ ಅದನ್ನು ಕೊಟ್ಟವರು ಯಾರು? ಅವರು ಆ ದಿನ ಎಲ್ಲಿದ್ದರು? ಅವರಂತೂ ಓಡಿರಲಾರರು.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2024ರ ಜನವರಿಯಲ್ಲಿ ಅಪ್ರಾಪ್ತ ವಯಸ್ಸಿನ ಕ್ರೀಡಾಪಟುಗಳ ಪ್ರಕರಣಗಳ ಬಗ್ಗೆ ವರದಿ ಹೊರತಂದಿತು. ಹತ್ತು ವರ್ಷದ ಲೆಕ್ಕದಲ್ಲಿ ಅತಿ ಹೆಚ್ಚು ಪ್ರಕರಣಗಳು ರಷ್ಯಾ, ಭಾರತ ಮತ್ತು ಚೀನಾದವು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಂದು ರಾಜ್ಯಮಟ್ಟದ ಪದಕ ಎಂದರೆ ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು. ರೈಲ್ವೆ, ಪೊಲೀಸ್ ಇಲಾಖೆಯಲ್ಲಿ ನೌಕರಿಯ ಆಸೆ. ಎರಡು ಎಕರೆ ಮಳೆ ಆಧಾರಿತ ಹೊಲದ ಮನೆಯ ಮಗುವಿಗೆ ಆ ಪದಕ ಬರೀ ಲೋಹವಲ್ಲ. ಆ ಆಸೆಯನ್ನು ನಾವು ತಪ್ಪೆನ್ನಬಾರದು. ಅದನ್ನು ಬಳಸಿಕೊಳ್ಳುವವರ ಮೇಲೆ ಕಣ್ಣಿಡಬೇಕು.

ನಮ್ಮ ಊರಿನಲ್ಲಿ

ಈಗ ಮನೆಗೆ ಬರೋಣ. ನಮ್ಮೂರಿನ ಮೈದಾನದ ಮದ್ದು ನೀಲಿ ಮಾತ್ರೆಯಲ್ಲ. ಅದು ಕಡ್ಡಿಪುಡಿ, ಬೀಡಿ, ಗುಟ್ಕಾ, ಬಾಟಲಿ.

ನನ್ನ ಜೊತೆ ಓದಿದ ಒಬ್ಬ ಗೆಳೆಯ ನಮ್ಮ ಕಬಡ್ಡಿ ತಂಡದ ರೈಡರ್. ಅವನ ಹಾಗೆ ಉಸಿರು ಹಿಡಿಯುವವರನ್ನು ನಾನು ಆಮೇಲೆ ನೋಡಿಲ್ಲ. ಒಂಬತ್ತನೆಯ ತರಗತಿಯಲ್ಲಿರುವಾಗ ಜಾತ್ರೆಯ ಪಂದ್ಯಾವಳಿಯಲ್ಲಿ ಊರಿನ ದೊಡ್ಡವರ ತಂಡದಲ್ಲಿ ಅವನನ್ನೂ ಆಡಿಸಿದರು, ಗೆದ್ದೆವು. ಆ ರಾತ್ರಿ ತೋಟದ ಮನೆಯಲ್ಲಿ ಬಾಡೂಟ. ಊರಿನ ಹಿರಿಯರೇ ಬಾಟಲಿ ತೆರೆದು, “ಗಂಡಸು ಕಣೋ ನೀನು” ಎಂದು ಲೋಟ ಅವನ ಕೈಗಿಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಬೀಡಿ ಅಲ್ಲೇ ಶುರುವಾಯಿತು, ಆಮೇಲೆ ಎಲೆಅಡಿಕೆಯ ಜೊತೆ ಕಡ್ಡಿಪುಡಿ. ಇಪ್ಪತ್ತು ದಾಟುವ ಹೊತ್ತಿಗೆ ಅವನ ದಮ್ಮು ಕಟ್ಟುತ್ತಿತ್ತು, ಆಟ ಬಿಟ್ಟ. ನಲವತ್ತೆಂಟನೆಯ ವಯಸ್ಸಿಗೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ. ಕೊನೆಯ ದಿನಗಳಲ್ಲಿ ನೋಡಲು ಹೋದಾಗ ಅವನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ನಮ್ಮ ಶಾಲೆಯ ಕಪಾಟಿನಲ್ಲಿರುವ ಆ ಕಾಲದ ಕಬಡ್ಡಿ ಕಪ್‌ಗಳನ್ನು ಸುವರ್ಣ ಮಹೋತ್ಸವಕ್ಕೆಂದು ಈಗ ತಿಕ್ಕಿ ಹೊಳಪು ಮಾಡಿದ್ದಾರೆ. ಅವುಗಳಲ್ಲಿ ಎರಡು ಅವನು ಗೆಲ್ಲಿಸಿಕೊಟ್ಟವು.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಅದಕ್ಕೇ ಬೀಡಿ ಸೇದುವ ಓಟಗಾರನಿಗೆ ಕೊನೆಯ ಸುತ್ತಿನಲ್ಲಿ ಕಾಲು ಏಳುವುದಿಲ್ಲ. ನಿಕೋಟಿನ್ ಎದೆಬಡಿತವನ್ನು ಏರಿಸುತ್ತದೆ, ಹುರುಪು ಬಂದಂತೆ ಅನ್ನಿಸುತ್ತದೆ, ಬಲ ಬರುವುದಿಲ್ಲ. ಗುಟ್ಕಾದ ಅಡಿಕೆ ಮತ್ತು ತಂಬಾಕು ಬಾಯಿಯ ಒಳಚರ್ಮವನ್ನು ಬಿಗಿಮಾಡಿ, ಬಾಯಿ ತೆರೆಯಲಾಗದಂತೆ ಮಾಡುತ್ತವೆ.

2019ರಲ್ಲಿ ದೇಶದಾದ್ಯಂತ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ನಡೆದ ತಂಬಾಕು ಸಮೀಕ್ಷೆಯಲ್ಲಿ ನೂರಕ್ಕೆ 8.5 ಮಂದಿ ತಂಬಾಕು ಬಳಸುತ್ತಿದ್ದರು. ಕರ್ನಾಟಕದ ಪ್ರಮಾಣ ಅತಿ ಕಡಿಮೆ ಇರುವ ರಾಜ್ಯಗಳ ಸಾಲಿನಲ್ಲಿದೆ ಎಂಬುದು ಸಮಾಧಾನದ ಮಾತು. ಕಾನೂನೂ ಇದೆ. 2003ರ ಕಾಯ್ದೆಯಂತೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. 2013ರಲ್ಲಿ ನಮ್ಮ ರಾಜ್ಯ ಗುಟ್ಕಾವನ್ನು ನಿಷೇಧಿಸಿತು. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವಿಗೆ ಮದ್ಯವನ್ನೋ ತಂಬಾಕನ್ನೋ ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಈ ಕೊನೆಯ ಕಾನೂನು ಸರಿಯಾದ ಪ್ರಶ್ನೆಯನ್ನೇ ಕೇಳುತ್ತದೆ: ಕೊಟ್ಟವರು ಯಾರು? ಅಂದು ಅದು ಇದ್ದಿದ್ದರೆ ತೋಟದ ಮನೆಯಲ್ಲಿದ್ದ ನಮ್ಮ ಹಿರಿಯರು ಅಪರಾಧಿಗಳಾಗುತ್ತಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಪ್ರೀತಿಯಿಂದಲೇ ಕೊಟ್ಟಿದ್ದರು.

ಮುಂದಿನ ಐವತ್ತಕ್ಕೆ

ಇತಿಹಾಸ ಓದಿದವನಾಗಿ ನಾನು ಕಂಡದ್ದನ್ನು ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ.

ಶಿಕ್ಷಕ ಬಂಧುಗಳಲ್ಲಿ ವಿನಂತಿ: ಮಕ್ಕಳನ್ನು ಹೆದರಿಸಬೇಡಿ, ನಿಜ ಹೇಳಿ. ನಮ್ಮ ಪಿ.ಟಿ. ಮೇಷ್ಟ್ರ ಹಳೆಯ ನಿಯಮವನ್ನು ಮತ್ತೆ ತನ್ನಿ. ತಂಡದ ಕ್ಯಾಪ್ಟನ್‌ಗಳಿಗೆ ಮೊದಲು ಪಾಠ ಹೇಳಿ, ಅವರು ತಮ್ಮ ತಂಡಕ್ಕೆ ಹೇಳಲಿ. ತಪ್ಪು ಮಾಡಿ ಬಂದ ಮಗು ನಿಮ್ಮ ಹತ್ತಿರ ಬಂದು ಬಾಯಿಬಿಡುವ ಹಾಗಿರಲಿ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ವಿನಂತಿ: ಕಪ್, ಟೀಶರ್ಟ್ ಕೊಡುವಷ್ಟೇ ಸಂತೋಷದಿಂದ ತಂಡಕ್ಕೆ ಮೊಟ್ಟೆ, ಹಾಲು, ನೆಲಗಡಲೆಯ ಖರ್ಚನ್ನೂ ವಹಿಸಿಕೊಳ್ಳಿ. ಹೊಟ್ಟೆ ತುಂಬಿದ ಹುಡುಗ ಡಬ್ಬಿಯ ಪುಡಿ ಹುಡುಕುವುದು ಕಡಿಮೆ.

ಗ್ರಾಮಸ್ಥರಲ್ಲಿ ವಿನಂತಿ: ಗೆದ್ದ ರಾತ್ರಿ ಊಟ ಹಾಕಿಸಿ, ಬಾಟಲಿ ತರಬೇಡಿ. ಶಾಲೆಯ ಗೇಟಿನಿಂದ 100 ಗಜ ಅಳೆದು ನೋಡಿ. ತಂಬಾಕು ಬಿಡಬೇಕೆನ್ನುವವರಿಗೆ 1800-11-2356, ಮದ್ಯ ಮತ್ತು ಮಾದಕ ವಸ್ತು ಬಿಡಬೇಕೆನ್ನುವವರಿಗೆ 14446 ಎಂಬ ಸಹಾಯವಾಣಿಗಳಿವೆ. ಎರಡಕ್ಕೂ ದುಡ್ಡಿಲ್ಲ. ಶಾಲೆಯ ಗೋಡೆಯ ಮೇಲೆ ಗಾದೆ ಬರೆಸಿದ ಹಾಗೆ ಈ ಎರಡು ಸಂಖ್ಯೆಗಳನ್ನೂ ಬರೆಸಿದರೆ ಮೇಲು.

ಮಕ್ಕಳೇ, ನಿಮಗೆ ಹೇಳುವುದು ಒಂದೇ. ದೊಡ್ಡವರನ್ನು ಗೌರವಿಸಿ. ಆದರೆ ದೊಡ್ಡವರು ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು “ಇದೇನು?” ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ. ಆ ಬಿಳಿ ಮಾತ್ರೆ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಂದು ನಾನು ಕೇಳಿದ್ದರೆ ಗೊತ್ತಿರುತ್ತಿತ್ತು.

ಶಾಲೆಗೆ ನೂರು ತುಂಬುವಾಗ ಇಂದಿನ ಮಕ್ಕಳಲ್ಲಿ ಯಾರಾದರೂ ಒಬ್ಬರು ಇದೇ ವಿಷಯದ ಮೇಲೆ ಬರೆಯಲಿ. ತೀರಿಹೋದ ಗೆಳೆಯನ ಕಥೆ ಆಗ ಅವರಿಗೆ ಬರೆಯಲು ಸಿಗದಿರಲಿ ಎಂದು ಹಾರೈಸುತ್ತೇನೆ.